ಆಮೇಲೆ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ?

(ಬಸವನಗುಡಿಯ ಒಂದು ಚಿಕ್ಕ ಸಭೆಯಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಬರೆಯುವಾಗ ಕೆಲವು ಕಡೆ ಬೆಳೆಸಿದ್ದೇನೆ, ಕೆಲವು ಕಡೆ ಕತ್ತರಿಸಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷ ಇಲ್ಲಿಲ್ಲ.)

ಎಲ್ಲರಿಗೂ ನಮಸ್ಕಾರ.

ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೈದು ವರ್ಷದಿಂದ ಕಾಗದಪತ್ರ ಅನುವಾದ ಮಾಡಿಕೊಂಡು ಹೊಟ್ಟೆ ಹೊರೆದವನು. ಕ್ರಯಪತ್ರ, ಬಾಡಿಗೆ ಕರಾರು, ಉಯಿಲು, ನೋಟಿಸು, ಸುತ್ತೋಲೆ. ಕನ್ನಡದಿಂದ ಇಂಗ್ಲಿಷ್‌ಗೆ, ಇಂಗ್ಲಿಷ್‌ನಿಂದ ಕನ್ನಡಕ್ಕೆ. ಈ ಕೆಲಸದಲ್ಲಿ ಕಷ್ಟ ಕೊಡೋದು ದೊಡ್ಡ ದೊಡ್ಡ ಪದಗಳು ಅಂತ ಜನ ತಿಳಿದಿದ್ದಾರೆ. ದೊಡ್ಡ ಪದ ಬಂದರೆ ನಿಘಂಟು ತೆಗೆಯುತ್ತೇವೆ, ಅರ್ಥ ಸಿಗುತ್ತದೆ, ಮುಗೀತು. ನನ್ನನ್ನು ಜಾಸ್ತಿ ಸಲ ಬೀಳಿಸಿರೋದು 'ಆಮೇಲೆ'. ಒಂದು ಆದ ಮೇಲೆ ಇನ್ನೊಂದು ಬರುತ್ತದೆ, ಅಷ್ಟೇ ವಿಷಯ. ಅದನ್ನು ಹೇಳೋಕೆ ಇಂಗ್ಲಿಷ್‌ನಲ್ಲಿ ನೆಕ್ಸ್ಟ್, ಲೇಟರ್, ಲ್ಯಾಟರ್, ಫಾಲೋಯಿಂಗ್, ಸಬ್ಸಿಕ್ವೆಂಟ್, ಕಾನ್ಸಿಕ್ವೆಂಟ್, ಸಕ್ಸೆಸಿವ್, ಎನ್ಸ್ಯೂಯಿಂಗ್, ಅಪ್‌ಕಮಿಂಗ್ ಅಂತ ಒಂದು ಹಿಂಡೇ ಇದೆ. ಯಾವುದನ್ನು ಹಿಡಿಯೋದು?

ಮೊದಲು ನಾನು ಬಿದ್ದ ಕಥೆ ಕೇಳಿ. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಒಂದು ಕಂಪನಿಯಲ್ಲಿ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೀಟಿಂಗ್ ಇತ್ತು. ಕೆಲಸ ದೊಡ್ಡದು. ಸಿಕ್ಕಿದ್ದರೆ ಆರು ತಿಂಗಳು ಮನೆ ಖರ್ಚು ನಡೆಯುತ್ತಿತ್ತು. ಸೋಮವಾರ ಅವರಿಂದ ಒಂದೇ ಸಾಲಿನ ಮೇಲ್ ಬಂತು. ಮೀಟಿಂಗ್ 'ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್' ಅಂತ. ಫಾರ್ವರ್ಡ್ ಅಂದರೆ ಮುಂದಕ್ಕೆ ತಾನೆ? ಎರಡು ದಿನ ಮುಂದಕ್ಕೆ ಹೋಗಿದೆ, ಶನಿವಾರ ಇದೆ ಅಂದುಕೊಂಡೆ. ಖುಷಿಯೂ ಆಯಿತು, ತಯಾರಿಗೆ ಟೈಮ್ ಸಿಕ್ಕಿತಲ್ಲ ಅಂತ. ಶನಿವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಎರಡು ಬಸ್ ಬದಲಾಯಿಸಿ ಹೋದೆ. ಗೇಟಿನಲ್ಲಿದ್ದ ಸೆಕ್ಯುರಿಟಿಯವರು 'ಇವತ್ತು ಆಫೀಸ್ ರಜಾ ಸಾರ್' ಅಂದರು. ಮೀಟಿಂಗ್ ಮಂಗಳವಾರವೇ ಮುಗಿದಿತ್ತು. ಕೆಲಸ ಬೇರೆಯವರಿಗೆ ಹೋಗಿತ್ತು. ಇಂಗ್ಲಿಷ್‌ನಲ್ಲಿ ಬ್ರಿಂಗ್ ಫಾರ್ವರ್ಡ್ ಅಂದರೆ ಹತ್ತಿರಕ್ಕೆ ಎಳೆದುಕೊಳ್ಳೋದು, ಅಂದರೆ ಮೊದಲೇ ಮಾಡೋದು. ಅನುವಾದಕ ಬೇಕಾಗಿದ್ದವರ ಒಂದು ಸಾಲನ್ನೇ ಅನುವಾದಕ ತಪ್ಪು ಓದಿದ್ದ. ಅವರಿಗೆ ವಿವರಣೆ ಬರೆಯೋಕೂ ಮುಖ ಇರಲಿಲ್ಲ.

ತಪ್ಪು ನನ್ನೊಬ್ಬನದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ ಮನಶ್ಶಾಸ್ತ್ರದವರು ಇದೇ ತರದ ಒಂದು ಪ್ರಶ್ನೆಯನ್ನು ಇಂಗ್ಲಿಷ್ ಮನೆಮಾತಿನವರಿಗೇ ಕೇಳಿದ್ದಾರೆ. 'ಮುಂದಿನ ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್ ಆಗಿದೆ. ಈಗ ಅದು ಯಾವ ದಿನ?' ಹೆಚ್ಚುಕಡಿಮೆ ಅರ್ಧ ಜನ ಸೋಮವಾರ ಅನ್ನುತ್ತಾರೆ, ಅರ್ಧ ಜನ ಶುಕ್ರವಾರ ಅನ್ನುತ್ತಾರೆ! 2002ರಲ್ಲಿ ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್‌ಸ್ಕಾರ್ ಅನ್ನೋ ಇಬ್ಬರು ಇದನ್ನು ವಿಮಾನ ನಿಲ್ದಾಣಕ್ಕೇ ತೆಗೆದುಕೊಂಡು ಹೋದರು. ಆಗತಾನೆ ವಿಮಾನ ಇಳಿದು ಬಂದವರು ಶುಕ್ರವಾರ ಅಂದದ್ದು ಜಾಸ್ತಿ. ನೆಂಟರನ್ನು ಕರೆದುಕೊಂಡು ಹೋಗೋಕೆ ಬಂದು ಸುಮ್ನೆ ನಿಂತಿದ್ದವರಲ್ಲಿ ಶುಕ್ರವಾರ ಅಂದವರು ಅಷ್ಟಿರಲಿಲ್ಲ. ತಾನೇ ಸಾಗುತ್ತಿದ್ದೇನೆ ಅನ್ನೋ ಗುಂಗಿನಲ್ಲಿ ಇರುವವನಿಗೆ 'ಮುಂದೆ' ಅಂದರೆ ತಾನು ಹೋಗೋ ದಿಕ್ಕು. ನಿಂತಲ್ಲೇ ಕಾಯುವವನಿಗೆ ಕಾಲವೇ ತನ್ನ ಕಡೆ ಬರುತ್ತಿದೆ. ಅವನ ಲೆಕ್ಕದಲ್ಲಿ ಮೀಟಿಂಗ್ ಮುಂದೆ ಬಂತು ಅಂದರೆ ತನ್ನ ಹತ್ತಿರಕ್ಕೆ ಬಂತು ಅಂತ.

ಕನ್ನಡದಲ್ಲಿ ಈ ಗೊಂದಲ ಇಲ್ಲ ಅಂತ ಬೀಗಬೇಡಿ. 'ಮದುವೆ ಮುಂದಕ್ಕೆ ಹೋಯಿತು' ಅಂದರೆ ತಡವಾಯಿತು ಅಂತಲೇ ನಮಗೆಲ್ಲ ಅರ್ಥ, ನಿಜ. ಆದರೆ ಅದೇ ಮುನ್ ಅನ್ನೋ ಬೇರಿನಿಂದ 'ಮುಂಚೆ' ಬಂದಿದೆ, 'ಮುನ್ನ' ಬಂದಿದೆ. ಮುಂಚೆ ಅಂದರೆ ಆಗಿಹೋದದ್ದು, ಮುಂದೆ ಅಂದರೆ ಆಗಬೇಕಾದದ್ದು. ಒಂದೇ ಬೇರು, ಎರಡು ದಿಕ್ಕು. ಹಾಗೇ 'ಹಿಂದಿನ ವರ್ಷ' ಕಳೆದುಹೋಗಿದೆ, ಆದರೆ 'ಹಿಂಗಾರು' ಮುಂಗಾರು ಆದ ಮೇಲೆ ಬರೋ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್ ಹೊತ್ತಿಗೆ ಹಿಂಗಾರು. ಹಿಂದೆ ಇರುವವನು ಆಮೇಲೆ ಬರುತ್ತಾನೆ, ಕ್ಯೂನಲ್ಲಿ ನಿಂತವರಿಗೆಲ್ಲ ಗೊತ್ತು.

ಇದನ್ನು ನಮ್ಮ ಸಿಟಿ ಬಸ್ಸಿನಲ್ಲಿ ದಿನಾ ಕೇಳುತ್ತೀರಿ. ಬಸ್ಸು ತುಂಬಿ ತುಳುಕುತ್ತಿದೆ. ಫುಟ್‌ಬೋರ್ಡ್ ಮೇಲೆ ಒಂದು ಕಾಲಿಟ್ಟಿದ್ದೀರಿ. ಕಂಡಕ್ಟರ್ 'ಹಿಂದೆ ಖಾಲಿ ಗಾಡಿ ಬರ್ತಾ ಇದೆ, ಅದಕ್ಕೆ ಬನ್ನಿ' ಅಂತ ಸೀಟಿ ಊದುತ್ತಾರೆ. ಆಮೇಲೆ ಬರೋ ಬಸ್ಸು ಇಲ್ಲಿ 'ಹಿಂದಿನ' ಬಸ್ಸು. ಅದೇ ನೀವು ಮೆಟ್ರೊ ಹತ್ತಿದರೆ, ಕೆ.ಆರ್. ಮಾರ್ಕೆಟ್ ಬಿಟ್ಟ ಕೂಡಲೇ 'ಮುಂದಿನ ನಿಲ್ದಾಣ ನ್ಯಾಷನಲ್ ಕಾಲೇಜು' ಅಂತ ಬರುತ್ತದೆ. ಇವತ್ತು ನಾನು ಅದರಲ್ಲೇ ಬಂದೆ. ಆಮೇಲೆ ಬರೋ ನಿಲ್ದಾಣ 'ಮುಂದಿನ' ನಿಲ್ದಾಣ. ಎರಡನ್ನೂ ಇಂಗ್ಲಿಷ್‌ಗೆ ತಂದರೆ ನೆಕ್ಸ್ಟ್ ಬಸ್, ನೆಕ್ಸ್ಟ್ ಸ್ಟೇಷನ್. ಹಿಂದೆ ಅನ್ನೋದಕ್ಕೂ ನೆಕ್ಸ್ಟೇ, ಮುಂದೆ ಅನ್ನೋದಕ್ಕೂ ನೆಕ್ಸ್ಟೇ. ಪದಕ್ಕೆ ಪದ ಇಟ್ಟು ಅನುವಾದ ಮಾಡೋಕೆ ಹೋದವರು ಇಲ್ಲೇ ಮುಗ್ಗರಿಸುತ್ತಾರೆ.

ಹಾಗಾದರೆ ಏನು ನೋಡಬೇಕು? ನಾನು ನೋಡೋದು ಗೂಟ. ಹಸು ಎಲ್ಲಿ ಮೇಯುತ್ತದೆ ಅನ್ನೋದು ಗೂಟ ಎಲ್ಲಿ ಹೊಡೆದಿದ್ದೀರಿ, ಹಗ್ಗ ಎಷ್ಟುದ್ದ ಬಿಟ್ಟಿದ್ದೀರಿ ಅನ್ನೋದರ ಮೇಲೆ ನಿಂತಿದೆ. 'ಆಮೇಲೆ' ಅನ್ನೋ ಪ್ರತಿ ಪದಕ್ಕೂ ಒಂದು ಗೂಟ ಇದೆ. ಯಾವುದರ ಆಮೇಲೆ? ಈ ಮಾತಾಡುತ್ತಿರೋ ಗಳಿಗೆಯ ಆಮೇಲೆಯೋ, ಕಥೆಯಲ್ಲಿ ಬಂದ ಇನ್ಯಾವುದೋ ಗಳಿಗೆಯ ಆಮೇಲೆಯೋ?

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ, ಸುತ್ತಮುತ್ತಲ ಊರುಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದದ್ದು ಇಲ್ಲಿ ಎಷ್ಟು ಜನಕ್ಕೆ ನೆನಪಿದೆ? (ಅರ್ಧ ಸಭೆ ಕೈ ಎತ್ತಿತು.) ರಾತ್ರಿ ದೆವ್ವ ಬಂದು ನಿಮ್ಮವರದೇ ದನಿಯಲ್ಲಿ ಬಾಗಿಲು ತಟ್ಟುತ್ತದೆ, ತೆಗೆದರೆ ಕಥೆ ಮುಗೀತು ಅಂತ ಸುದ್ದಿ. ಅದಕ್ಕೆ ಸೀಮೆಸುಣ್ಣದಲ್ಲಿ 'ನಾಳೆ ಬಾ'. ದೆವ್ವ ಓದಿಕೊಂಡು ವಾಪಸ್ ಹೋಗುತ್ತದೆ. ನಾಳೆ ಬರುತ್ತದೆ. ಮತ್ತೆ 'ನಾಳೆ ಬಾ'. ನಮ್ಮ ಅಜ್ಜಿಗೆ ಭಾಷಾಶಾಸ್ತ್ರದ ಗಂಧ ಇರಲಿಲ್ಲ. ಆದರೂ 'ನಾಳೆ' ಅನ್ನೋ ಪದದ ಗೂಟ ಓದುವವನ ಜೊತೆಗೇ ನಡೆದುಕೊಂಡು ಹೋಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಮೇಲೆ 'ಮಾರನೇ ದಿನ ಬಾ' ಅಂತ ಬರೆದಿದ್ದರೆ ದೆವ್ವ 'ಯಾವುದರ ಮಾರನೇ ದಿನ?' ಅಂತ ಕೇಳುತ್ತಿತ್ತು.

ಟುಮಾರೊ, ಅಪ್‌ಕಮಿಂಗ್, ಕಮಿಂಗ್, ಫ್ಯೂಚರ್ ಇವೆಲ್ಲ ನಾಳೆಯ ಜಾತಿ. ಗೂಟ ಈಗ, ಇಲ್ಲಿ. ಫಾಲೋಯಿಂಗ್, ಸಬ್ಸಿಕ್ವೆಂಟ್, ಎನ್ಸ್ಯೂಯಿಂಗ್ ಇವು ಮಾರನೇ ದಿನದ ಜಾತಿ. ಗೂಟ ಕಥೆಯೊಳಗೆ ಎಲ್ಲೋ ಇದೆ. ಕಡಲೆಕಾಯಿ ಪರಿಷೆ ತಗೊಳ್ಳಿ. ಕಾರ್ತಿಕ ಮಾಸದ ಕೊನೇ ಸೋಮವಾರ. ಪರಿಷೆಯ ಮಾರನೇ ದಿನ ಬುಲ್ ಟೆಂಪಲ್ ರಸ್ತೆ ತುಂಬ ಸಿಪ್ಪೆ ಅಂತ ಬರೆಯಬೇಕಾದರೆ 'ಆನ್ ದ ಫಾಲೋಯಿಂಗ್ ಡೇ'. ಅಲ್ಲಿ ಟುಮಾರೊ ಹಾಕಿದರೆ ಸಿಪ್ಪೆ ನಿಮ್ಮ ನಾಳೆಗೆ ಬಂದು ಬೀಳುತ್ತದೆ. ಹೋದ ವರ್ಷದ ವರದಿಯಲ್ಲಿ 'ಅಪ್‌ಕಮಿಂಗ್ ತಿಂಗಳುಗಳಲ್ಲಿ ಮಾರಾಟ ಇಳಿಯಿತು' ಅಂತ ಬರೆದದ್ದನ್ನು ನಾನೇ ತಿದ್ದಿದ್ದೇನೆ. ಅಪ್‌ಕಮಿಂಗ್ ಅನ್ನೋದು ಇನ್ನೂ ಬರಬೇಕಾದದ್ದು. ಅದು ಆಗಲೇ ಹೇಗೆ ಇಳಿಯುತ್ತದೆ?

ಕರಾರು ಓದುವವರಿಗೆ ಹಿಯರ್‌ಆಫ್ಟರ್, ದೇರ್‌ಆಫ್ಟರ್ ಗೊತ್ತಿರುತ್ತದೆ. ಇನ್ನು ಮುಂದೆ, ಅಲ್ಲಿಂದ ಮುಂದೆ. ಒಂದರ ಗೂಟ ಇಲ್ಲಿ, ಇನ್ನೊಂದರದು ಅಲ್ಲಿ. ಇದಕ್ಕಿಂತ ಸ್ಪಷ್ಟವಾಗಿ ಇಂಗ್ಲಿಷ್ ಯಾವತ್ತೂ ಹೇಳಿಲ್ಲ. ಜನ ಇವನ್ನು ವಕೀಲರ ಭಾಷೆ ಅಂತ ಬೈಯುತ್ತಾರೆ. ನನಗಂತೂ ಇಷ್ಟ.

ಈಗ ಹಗ್ಗದ ಉದ್ದಕ್ಕೆ ಬರೋಣ. ನೆಕ್ಸ್ಟ್ ಅನ್ನೋದು ಹಳೇ ಇಂಗ್ಲಿಷ್‌ನಲ್ಲಿ 'ಎಲ್ಲಕ್ಕಿಂತ ಹತ್ತಿರದ್ದು' ಅನ್ನೋ ಪದ. ನೈಬರ್ ಅನ್ನೋದರ ಮೊದಲ ಭಾಗವೂ ಅದೇ ಬೇರಿನದು, ಹತ್ತಿರ ವಾಸ ಮಾಡೋನು. ಅಂದರೆ ನೆಕ್ಸ್ಟ್‌ಗೆ ಹಗ್ಗವೇ ಇಲ್ಲ ಅನ್ನಬಹುದು, ಗೂಟಕ್ಕೆ ತಾಗಿಕೊಂಡೇ ನಿಂತಿದೆ. ಒಂದೇ ಒಂದು. ಸಬ್ಸಿಕ್ವೆಂಟ್‌ಗೆ ಹಗ್ಗ ಎಷ್ಟುದ್ದ ಬೇಕಾದರೂ ಇರಬಹುದು. ಆಮೇಲೆ ಬರೋ ಎಲ್ಲವೂ ಅದರೊಳಗೆ.

ಈ ವ್ಯತ್ಯಾಸ ಎಷ್ಟು ದುಬಾರಿ ಅಂತ ಒಂದು ಕ್ರಯಪತ್ರ ನನಗೆ ತೋರಿಸಿತು. ಹೆಸರು, ಜಾಗ ಬೇಡ. ರಸ್ತೆಗೆ ಹೊಂದಿಕೊಂಡ ಒಂದು ಸೈಟು, ಅದರ ಹಿಂದೆ ಇನ್ನೊಂದು ಸೈಟು. ಹಿಂದಿನ ಸೈಟಿನವರು ಓಡಾಡೋಕೆ ಮುಂದಿನ ಸೈಟಿನ ಪಕ್ಕದಲ್ಲಿ ಹತ್ತು ಅಡಿ ದಾರಿ ಬಿಟ್ಟಿದ್ದಾರೆ. ಕನ್ನಡ ಪತ್ರದಲ್ಲಿ 'ಈ ದಾರಿಯ ಹಕ್ಕು ಮುಂದಿನ ಖರೀದಿದಾರರಿಗೂ ಇರತಕ್ಕದ್ದು' ಅಂತ ಇತ್ತು. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ 'ದ ನೆಕ್ಸ್ಟ್ ಪರ್ಚೇಸರ್' ಅಂತ ಟೈಪ್ ಮಾಡಿದ. ಕನ್ನಡದಲ್ಲಿ 'ಖರೀದಿದಾರರು' ಅನ್ನೋದು ಗೌರವಕ್ಕೆ ಬಹುವಚನವೋ, ನಿಜವಾಗಿ ಬಹುವಚನವೋ, ಓದಿದರೆ ಗೊತ್ತಾಗೋದಿಲ್ಲ. ಗೌರವ ಅಂತಲೇ ಅವನು ತಿಳಿದ. ಈಗ ಯೋಚನೆ ಮಾಡಿ. ಸೈಟು ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮೂರನೆಯವರಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಸೈಟು ಕೈ ಬದಲಾಯಿಸೋಕೆ ಎಷ್ಟು ಹೊತ್ತು? ನೆಕ್ಸ್ಟ್ ಪರ್ಚೇಸರ್ ಅಂದರೆ ಇವರಲ್ಲಿ ಮೊದಲು ಕೊಂಡುಕೊಂಡ ಒಬ್ಬರು ಮಾತ್ರ. ಮೂರನೆಯವರು ಮನೆ ಕಟ್ಟಿ ಕಾರು ತರೋ ಹೊತ್ತಿಗೆ ಮುಂದಿನ ಸೈಟಿನವರು ದಾರಿಗೆ ಗೇಟು ಹಾಕಿ 'ನಿಮ್ಮ ಹೆಸರು ಇದರಲ್ಲಿ ಎಲ್ಲಿದೆ ತೋರಿಸಿ' ಅನ್ನಬಹುದು. ಕೋರ್ಟಿನಲ್ಲಿ ಏನಾಗುತ್ತಿತ್ತೋ ಬೇರೆ ಮಾತು. ಆ ಜಗಳಕ್ಕೆ ಜಾಗ ಮಾಡಿಕೊಟ್ಟದ್ದು ಒಂದು ಪದ. 'ಆಲ್ ಸಬ್ಸಿಕ್ವೆಂಟ್ ಪರ್ಚೇಸರ್ಸ್' ಅಂತ ತಿದ್ದಿದೆವು. ಹುಡುಗನಿಗೆ ಬೈಯಲಿಲ್ಲ. ನಾನೇ ಶನಿವಾರ ಮೀಟಿಂಗ್‌ಗೆ ಹೋದವನು.

ಸಕ್ಸೆಸಿವ್, ಕಾನ್ಸಿಕ್ಯುಟಿವ್ ಇವು ನೆಕ್ಸ್ಟ್‌ಗೂ ಸಬ್ಸಿಕ್ವೆಂಟ್‌ಗೂ ನಡುವಿನವು: ಬಿಡುವಿಲ್ಲದೆ ಒಂದರ ಬೆನ್ನಿಗೆ ಒಂದು. 'ಮೂರು ಕಾನ್ಸಿಕ್ಯುಟಿವ್ ದಿನ ಗೈರು' ಅಂದರೆ ಸೋಮ, ಮಂಗಳ, ಬುಧ. ಸೋಮ, ಬುಧ, ಶನಿ ಆದರೆ ಆಗೋದಿಲ್ಲ. ಇಷ್ಟು ಸಾಕು ಅದಕ್ಕೆ.

ನಂತರ ಅನ್ನೋ ನಮ್ಮ ಪದಕ್ಕೂ ಇಂಥದ್ದೇ ಕಥೆ ಇದೆ. ಅದು ಸಂಸ್ಕೃತದ ಅನಂತರ. ಅಂತರ ಇಲ್ಲದ್ದು, ನಡುವೆ ಸಂದಿಲ್ಲದ್ದು. ಅ ಉದುರಿ ನಂತರ ಆಯಿತು, ಈಗಲೂ ಕೆಲವು ಹಿರಿಯರು ಅನಂತರ ಅಂತಲೇ ಬರೆಯುತ್ತಾರೆ. ಸಂದಿಲ್ಲದ್ದು ಅನ್ನೋ ಪದವನ್ನು ಹಿಡಿದು ನಾವು 'ಇಪ್ಪತ್ತು ವರ್ಷಗಳ ನಂತರ' ಅನ್ನುತ್ತೇವೆ. ಪದದ ಹೊಟ್ಟೆಯೊಳಗೆ ಇಪ್ಪತ್ತು ವರ್ಷದ ಸಂದು! ಇಂಗ್ಲಿಷ್‌ನ ಸೂನ್ ಕೂಡ ಹಾಗೇ. ಹಳೇ ಇಂಗ್ಲಿಷ್‌ನಲ್ಲಿ ಅದಕ್ಕೆ 'ಈ ಕ್ಷಣವೇ' ಅಂತ ಅರ್ಥ ಇತ್ತು. ಅನಾನ್, ಪ್ರೆಸೆಂಟ್ಲಿ ಇವೂ ಮೊದಲು 'ಕೂಡಲೇ' ಆಗಿದ್ದು, ಜಾರಿ ಜಾರಿ 'ಸ್ವಲ್ಪ ಹೊತ್ತಿಗೆ' ಆದವು. ಯಾಕೆ ಜಾರಿದವು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾ? ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತುಕೊಂಡು ಫೋನಿನಲ್ಲಿ 'ಬಂದೆ ಬಂದೆ, ಐದೇ ನಿಮಿಷ' ಅನ್ನೋರು ನಾವೇ ಅಲ್ವಾ. ಅದೂ ಭೂತಕಾಲದಲ್ಲಿ, ಬಂದೆ ಅಂತ! ಅದಕ್ಕೇ ಬರವಣಿಗೆಯಲ್ಲಿ ಸೂನ್, ಶಾರ್ಟ್ಲಿ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಯಾವ ದಿನ ಅಂತ ಹಾಕಿ.

ದಿನದ ಲೆಕ್ಕ ಅಂದಾಗ ನೆನಪಾಯಿತು. 'ಎಂಟು ದಿನ ಬಿಟ್ಟು ಬನ್ನಿ' ಅಂತ ಯಾರಾದರೂ ಸೋಮವಾರ ಹೇಳಿದರೆ ನೀವು ಹೋಗೋದು ಯಾವಾಗ? ಬರೋ ಸೋಮವಾರ. ನಮಗೆ ವಾರ ಅಂದರೆ ಎಂಟು ದಿನ, ಎರಡು ವಾರ ಅಂದರೆ ಹದಿನೈದು ದಿನ. ಇವತ್ತನ್ನೂ ಸೇರಿಸಿ ಎಣಿಸೋ ರೂಢಿ. ಫ್ರೆಂಚರೂ ಹೀಗೇ ಎಂಟು ದಿನ, ಹದಿನೈದು ದಿನ ಅನ್ನುತ್ತಾರೆ. ಇಂಗ್ಲಿಷ್‌ನವರಿಗೆ 'ಆಫ್ಟರ್ ಏಟ್ ಡೇಸ್' ಅಂತ ಬರೆದರೆ ಅವರು ಮಂಗಳವಾರ ಬರುತ್ತಾರೆ. 'ಎ ವೀಕ್ ಲೇಟರ್' ಅನ್ನಿ. ನೋಟಿಸಿನಲ್ಲಿ 'ಈ ತಾರೀಕಿನಿಂದ 30 ದಿನದೊಳಗೆ' ಅಂತ ಬಂದಾಗ ಜನ ಇವತ್ತನ್ನೂ ಸೇರಿಸಿಕೊಂಡು ಗಾಬರಿ ಬೀಳುತ್ತಾರೆ. ಕೇಂದ್ರದ ಕಾಯ್ದೆಗಳಲ್ಲಿ ಫ್ರಮ್ ಅಂತ ಬಂದರೆ ಮೊದಲ ದಿನ ಲೆಕ್ಕಕ್ಕಿಲ್ಲ ಅಂತ 1897ರ ಜನರಲ್ ಕ್ಲಾಸಸ್ ಆಕ್ಟ್ 9ನೇ ಸೆಕ್ಷನ್ನಿನಲ್ಲೇ ಇದೆ.

ಇನ್ನೊಂದು ಎಡವಟ್ಟು. 'ಐ ವಿಲ್ ಕಾಲ್ ಯು ಆಫ್ಟರ್ ಒನ್ ಅವರ್' ಅಂತ ನಾವೆಲ್ಲ ಅನ್ನುತ್ತೇವೆ. 'ಒಂದು ಗಂಟೆ ಬಿಟ್ಟು ಫೋನ್ ಮಾಡ್ತೀನಿ' ಅನ್ನೋದರ ನೇರ ನೆರಳು ಅದು. ಹೊರದೇಶದವರಿಗೆ ಅದು 'ಒಂದು ಗಂಟೆಯೊಳಗಂತೂ ಮಾಡಲ್ಲ, ಆಮೇಲೆ ಯಾವಾಗಲೋ' ಅಂತ ಕೇಳಬಹುದು. 'ಇನ್ ಆನ್ ಅವರ್' ಅಂದರೆ ಅವರಿಗೆ ಸರಿ. ನಮಗೆ ಇನ್ ಅಂದರೆ ಒಳಗೆ, ಒಂದು ಗಂಟೆ ಒಳಗೆ ಅಂತ ಕೇಳುತ್ತದೆ. ಒಳಗೆ ಅನ್ನೋದಕ್ಕೆ ಅವರು ವಿದಿನ್ ಅನ್ನುತ್ತಾರೆ. ನಮ್ಮ ನಮ್ಮಲ್ಲೇ ಮಾತಾಡುವಾಗ ಆಫ್ಟರ್ ಅಂದರೂ ನಡೆಯುತ್ತದೆ ಬಿಡಿ, ಯಾರೂ ಸಾಯಲ್ಲ.

ಗೂಟ ಆಯಿತು, ಹಗ್ಗ ಆಯಿತು. ನನ್ನ ಪ್ರಕಾರ ಎಲ್ಲಕ್ಕಿಂತ ಕಳ್ಳ ಪ್ರಶ್ನೆ ಇನ್ನೊಂದಿದೆ. ಇದರ ಆಮೇಲೆ ಬಂತು ಸರಿ, ಇದರಿಂದಲೇ ಬಂತಾ?

ಲ್ಯಾಟಿನ್‌ನಲ್ಲಿ ಸೆಕ್ವಿ ಅಂತ ಒಂದು ಕ್ರಿಯಾಪದ. ಹಿಂಬಾಲಿಸು ಅಂತ ಅರ್ಥ. ಸಬ್ಸಿಕ್ವೆಂಟ್, ಕಾನ್ಸಿಕ್ವೆಂಟ್, ಸೀಕ್ವೆಲ್, ಸೀಕ್ವೆನ್ಸ್, ಎನ್ಸ್ಯೂ ಎಲ್ಲ ಅದರ ಮಕ್ಕಳು ಮೊಮ್ಮಕ್ಕಳು. ಸೆಕೆಂಡ್ ಕೂಡ! ಒಂದನ್ನು ಹಿಂಬಾಲಿಸೋದು ಎರಡು, ಅದಕ್ಕೆ ಸೆಕೆಂಡ್. ಅಕ್ಕತಂಗಿಯರ ಹಾಗಿರೋ ಸಬ್ಸಿಕ್ವೆಂಟ್ ಮತ್ತು ಕಾನ್ಸಿಕ್ವೆಂಟ್ ನಡುವೆ ನಮ್ಮ ಆಫೀಸು ಪತ್ರಗಳು ದಿನಾ ಅದಲು ಬದಲು ಮಾಡುತ್ತವೆ. ಸಬ್ಸಿಕ್ವೆಂಟ್ ಬರೀ ಆಮೇಲಿನದು. ಕಾನ್ಸಿಕ್ವೆಂಟ್ ಅದರ ಫಲವಾಗಿ ಬಂದದ್ದು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅನ್ನುತ್ತೇವಲ್ಲ, ಅಲ್ಲಿ ಕೊಂಬೆ ಮುರಿದದ್ದು ಕಾಗೆಗೆ ಸಬ್ಸಿಕ್ವೆಂಟ್. ಕಾನ್ಸಿಕ್ವೆಂಟ್ ಅಂತ ಬರೆದರೆ ಕಾಗೆ ಮೇಲೆ ಕೇಸು ಹಾಕಿದ ಹಾಗೆ.

ನಗಬೇಡಿ, ಇದೇ ನಡೆದಿದೆ. ಒಬ್ಬ ಉದ್ಯೋಗಿ ಕೆಲಸ ಬಿಟ್ಟರು. ಮುಂದಿನ ತಿಂಗಳು ಗೋದಾಮಿನಲ್ಲಿ ಸಾಮಾನು ಕಡಿಮೆ ಬಂತು. ಕನ್ನಡದಲ್ಲಿ ಯಾರೋ 'ಅವರು ಕೆಲಸ ಬಿಟ್ಟ ಮೇಲೆ ಸಾಮಾನು ಕಡಿಮೆ ಇರುವುದು ಕಂಡುಬಂತು' ಅಂತ ಟಿಪ್ಪಣಿ ಬರೆದಿದ್ದರು. ಇಂಗ್ಲಿಷ್ ಪ್ರತಿಯಲ್ಲಿ ಅದು 'ಕಾನ್ಸಿಕ್ವೆಂಟ್ ಅಪಾನ್ ಹಿಸ್ ಲೀವಿಂಗ್' ಆಗಿತ್ತು. ಮೇಲಿನವರಿಗೆ ಭಾರವಾದ ಇಂಗ್ಲಿಷ್ ಇರಲಿ ಅಂತ ಹಾಕಿದ್ದಂತೆ. ಅದನ್ನು ಓದಿದವರಿಗೆ ಆ ಮನುಷ್ಯನೇ ಕಳ್ಳ ಅಂತ ಅನ್ನಿಸಿದರೆ ಓದಿದವರ ತಪ್ಪೇನು? ಕನ್ನಡದ 'ಮೇಲೆ' ಕೂಡ ಪೂರ್ತಿ ಸಾಚಾ ಅಲ್ಲ ಅನ್ನಿ. 'ಆ ಸೊಸೆ ಬಂದ ಮೇಲೆ ಮನೆ ಹಾಳಾಯ್ತು' ಅನ್ನೋರು ಬರೀ ಕಾಲ ಹೇಳುತ್ತಿಲ್ಲ. ಆದರೆ ಆ ಮಾತಿನಲ್ಲಿ ಆಡುವವರ ಮುಖ, ದನಿ ಇರುತ್ತದೆ, ನಾವು ಅಳೆದುಕೊಳ್ಳುತ್ತೇವೆ. ಕಾಗದದಲ್ಲಿ ಮುಖ ಇರೋದಿಲ್ಲ.

ಫಾಲೋಯಿಂಗ್ ಅನ್ನೋದೂ ಈ ವಿಷಯದಲ್ಲಿ ಜಾಣ. 'ಫಾಲೋಯಿಂಗ್ ಎ ಕಂಪ್ಲೇಂಟ್' ಅಂತ ಪೇಪರಿನಲ್ಲಿ ಬಂದಾಗ ದೂರಿನ ಆಮೇಲೆಯೋ, ದೂರಿನಿಂದಲೋ ಅಂತ ಹೇಳದೆ ಎರಡನ್ನೂ ಹೇಳಿ ತಪ್ಪಿಸಿಕೊಳ್ಳುತ್ತದೆ. ಕಾರಣ ಖಚಿತ ಇದ್ದರೆ ಬಿಕಾಸ್ ಆಫ್ ಅನ್ನಿ. ಇಲ್ಲದಿದ್ದರೆ ಆಫ್ಟರ್ ಅನ್ನಿ. ಎಷ್ಟೋ ಸಲ ಈ 'ಸಬ್ಸಿಕ್ವೆಂಟ್ ಟು' ಅನ್ನೋ ಜಾಗದಲ್ಲೆಲ್ಲ ಬರೀ ಆಫ್ಟರ್ ಸಾಕು. ಉದ್ದ ಪದ ಹಾಕಿದರೆ ಫೀಸು ಜಾಸ್ತಿ ಸಿಗೋದಿಲ್ಲ, ನಾನು ನೋಡಿದ್ದೇನೆ.

ಆದರೆ ಸಬ್ಸಿಕ್ವೆಂಟ್ ಬಿಟ್ಟರೆ ಗತಿಯಿಲ್ಲದ ಒಂದು ಜಾಗ ಇದೆ, ಕಾನೂನಿನ 'ಕಂಡಿಷನ್ ಸಬ್ಸಿಕ್ವೆಂಟ್'. ಆಸ್ತಿ ಕೈ ಸೇರೋ ಮೊದಲೇ ಪೂರೈಸಬೇಕಾದ ಷರತ್ತು ಕಂಡಿಷನ್ ಪ್ರಿಸಿಡೆಂಟ್. ಕೈ ಸೇರಿದ ಮೇಲೆ ಏನಾದರೂ ನಡೆದರೆ ಹಕ್ಕು ಹೋಗುತ್ತದೆ ಅನ್ನೋದು ಕಂಡಿಷನ್ ಸಬ್ಸಿಕ್ವೆಂಟ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 31ನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಇದೆ. ಒಬ್ಬ ಇನ್ನೊಬ್ಬನಿಗೆ ಅವನ ಜೀವಮಾನದವರೆಗೆ ಒಂದು ಜಮೀನು ಕೊಡುತ್ತಾನೆ. ಇಂಥ ತೋಪಿನ ಮರ ಕಡಿದರೆ ಈ ಹಕ್ಕು ರದ್ದು ಅನ್ನೋ ಷರತ್ತು. ಅವನು ಮರ ಕಡಿಯುತ್ತಾನೆ, ಜಮೀನು ಕಳೆದುಕೊಳ್ಳುತ್ತಾನೆ. ಆ ನುಡಿಗಟ್ಟಿನಲ್ಲಿ ಸಬ್ಸಿಕ್ವೆಂಟ್ ಅನ್ನೋ ವಿಶೇಷಣವೇ ಕಂಡಿಷನ್ ಆದ ಮೇಲೆ ಬಂದು ಕೂತಿದೆ, ನೋಡಿ ತಮಾಷೆ.

ಲೇಟರ್, ಲ್ಯಾಟರ್ ಬಗ್ಗೆ ಹೇಳದಿದ್ದರೆ ಆ ಮೂಲೆಯಲ್ಲಿ ಕೂತಿರೋ ಪರೀಕ್ಷೆ ಹುಡುಗರು ಬಿಡೋದಿಲ್ಲ. ಹಳೇ ಇಂಗ್ಲಿಷ್‌ನಲ್ಲಿ ಲೇಟ್ ಅಂದರೆ ನಿಧಾನ. ಅದರ ಹಳೇ ರೂಪ ಲ್ಯಾಟರ್, ಆಮೇಲೆ ಹುಟ್ಟಿದ್ದು ಲೇಟರ್, ಕೊನೆಯದು ಲಾಸ್ಟ್. ಒಂದೇ ಸಂಸಾರ. ಈಗ ಮನೆ ಪಾಲಾಗಿದೆ. ಲೇಟರ್ ಕಾಲದ್ದು, ಲ್ಯಾಟರ್ ಇಬ್ಬರಲ್ಲಿ ಎರಡನೆಯದು. ಇಡ್ಲಿ, ದೋಸೆ ಎರಡೇ ಇದ್ದರೆ ದೋಸೆ ಲ್ಯಾಟರ್. ಇಡ್ಲಿ, ದೋಸೆ, ಖಾರಾಬಾತ್ ಮೂರಿದ್ದರೆ ಖಾರಾಬಾತ್ ಲಾಸ್ಟ್. ಕನ್ನಡದ ಉತ್ತರಾರ್ಧಕ್ಕೆ 'ಲ್ಯಾಟರ್ ಹಾಫ್' ಸರಿಯಾಗಿ ಕೂರುತ್ತದೆ. 'ಶತಮಾನದ ಉತ್ತರಾರ್ಧ' ಅನ್ನೋದನ್ನು 'ನಾರ್ದರ್ನ್ ಹಾಫ್ ಆಫ್ ದ ಸೆಂಚುರಿ' ಅಂತ ಮಾಡಿದ ಒಂದು ಪ್ರತಿ ನನ್ನ ಕಪಾಟಿನಲ್ಲಿದೆ. ಬೇಜಾರಾದಾಗ ತೆಗೆದು ಓದುತ್ತೇನೆ.

ಒಂದು ಪದ ಮಾತ್ರ ನನಗೆ ತುಂಬ ಹತ್ತಿರದ್ದು. ಆಫ್ಟರ್‌ಮ್ಯಾತ್. ಅದರಲ್ಲಿರೋ ಮ್ಯಾತ್‌ಗೂ ಗಣಿತಕ್ಕೂ ಸಂಬಂಧ ಇಲ್ಲ. ಅದು ಹುಲ್ಲು ಕೊಯ್ಯೋದು ಅನ್ನೋ ಹಳೇ ಪದ. ಒಂದು ಸಲ ಹುಲ್ಲು ಕೊಯ್ದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರಿ ಬರೋ ಎರಡನೇ ಬೆಳೆಯೇ ಆಫ್ಟರ್‌ಮ್ಯಾತ್. ಇಲ್ಲಿ ಮಂಡ್ಯದ ಕಡೆಯವರು ಯಾರಾದರೂ ಇದ್ದೀರಾ? (ಇಬ್ಬರು ಒಟ್ಟಿಗೆ 'ಕೂಳೆ' ಅಂದರು.) ಹೌದು, ಕೂಳೆ! ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಬರೋ ಬೆಳೆ. ಹೊಸದಾಗಿ ನೆಡೋ ಖರ್ಚಿಲ್ಲ, ಆದರೆ ಕೂಳೆ ಮೇಲೆ ಕೂಳೆ ಬಿಟ್ಟರೆ ಇಳುವರಿ ಇಳಿಯುತ್ತಾ ಹೋಗುತ್ತದೆ. ಇಂಗ್ಲಿಷ್‌ನವರ ಬಾಯಲ್ಲಿ ಆಫ್ಟರ್‌ಮ್ಯಾತ್ ಹುಲ್ಲುಗಾವಲು ಬಿಟ್ಟು ಯುದ್ಧ, ಪ್ರವಾಹ, ಭೂಕಂಪಗಳ ಕಡೆ ಹೊರಟುಹೋಯಿತು. ಈಗ ಕೆಟ್ಟದ್ದರ ಆಮೇಲಿನ ಪರಿಸ್ಥಿತಿಗೇ ಅದು ಮೀಸಲು. ಮದುವೆ ಆಲ್ಬಮ್ ಕೆಳಗೆ 'ಆಫ್ಟರ್‌ಮ್ಯಾತ್ ಆಫ್ ದ ವೆಡ್ಡಿಂಗ್' ಅಂತ ಬರೆಯಬೇಡಿ, ಬೀಗರು ಇಂಗ್ಲಿಷ್ ಬಲ್ಲವರಾದರೆ ಕಷ್ಟ.

ಇಲ್ಲಿಗೆ ನನ್ನ ಮಾತು ಮುಗಿದು ಪ್ರಶ್ನೆಗಳು ಶುರುವಾದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಎದ್ದು, 'ಸ್ವಾಮಿ, ಇವತ್ತು ಭಾನುವಾರ. ನೆಕ್ಸ್ಟ್ ಫ್ರೈಡೇ ಅಂದರೆ ಇನ್ನೈದು ದಿನಕ್ಕೋ, ಹನ್ನೆರಡು ದಿನಕ್ಕೋ?' ಅಂತ ಕೇಳಿದರು. ಹತ್ತಿರದ್ದು ಅನ್ನೋ ಹಳೇ ಅರ್ಥ ಹಿಡಿದರೆ ಇನ್ನೈದು ದಿನಕ್ಕೆ ಬರೋದು. ಆದರೆ ಅದಕ್ಕೆ ದಿಸ್ ಫ್ರೈಡೇ ಅಂದು, ಅದರಾಚೆಯದಕ್ಕೆ ನೆಕ್ಸ್ಟ್ ಅನ್ನೋ ಇಂಗ್ಲಿಷರೂ ಬೇಕಾದಷ್ಟಿದ್ದಾರೆ. ಅವರವರಲ್ಲೇ ತೀರ್ಮಾನ ಆಗಿಲ್ಲ. ನಮ್ಮಲ್ಲಿ 'ಬರೋ ಶುಕ್ರವಾರ' ಅಂದರೆ ಹತ್ತಿರದ್ದು, 'ಅದರ ಮುಂದಿನ ಶುಕ್ರವಾರ' ಅಂದರೆ ಆಚೆಯದು. ಜಗಳವಿಲ್ಲ. ನಾಡಿದ್ದು ಅನ್ನೋದಕ್ಕೂ ನಮ್ಮಲ್ಲಿ ಒಂದೇ ಪದ ಇದೆ. ಅವರಲ್ಲೂ ಓವರ್‌ಮಾರೊ ಅಂತ ಇತ್ತು, ಕಳೆದುಕೊಂಡು ಈಗ 'ಡೇ ಆಫ್ಟರ್ ಟುಮಾರೊ' ಅಂತ ಉದ್ದಕ್ಕೆ ಎಳೆಯುತ್ತಾರೆ.

ಇನ್ನೊಬ್ಬರು ಸಾಫ್ಟ್‌ವೇರ್ ಕೆಲಸದ ಹೆಣ್ಣುಮಗಳು. 'ಸಾರ್, ಪ್ರೀಪೋನ್ ಅಂದರೆ ನಮ್ಮ ಟೀಮಿನ ವಿದೇಶದವರು ನಗುತ್ತಾರೆ. ಬಿಟ್ಟುಬಿಡಬೇಕಾ?'

ಯಾಕೆ ಬಿಡಬೇಕು? ಪೋಸ್ಟ್‌ಪೋನ್ ಇದೆ, ಅದಕ್ಕೆ ಜೋಡಿ ಬೇಡವಾ? ಇಂಥ ಒಂದು ಪದ ಬೇಕು, ಪ್ರೀಪೋನ್ ಅನ್ನೋಣ ಅಂತ 1913ರಲ್ಲೇ ನ್ಯೂಯಾರ್ಕ್ ಟೈಮ್ಸ್‌ಗೆ ಒಬ್ಬರು ಪತ್ರ ಬರೆದಿದ್ದರು. ಅಲ್ಲಿ ಅದು ಹತ್ತಲಿಲ್ಲ, ನಮ್ಮಲ್ಲಿ ಬೇರು ಬಿಟ್ಟಿತು. ಈಗ ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲೂ ಇದೆ. ಆ ಕಂಪನಿಯವರು ಪ್ರೀಪೋನ್ ಅಂತ ಬರೆದಿದ್ದರೆ ನಾನು ಮಂಗಳವಾರವೇ ಹೋಗಿ ಕೂತಿರುತ್ತಿದ್ದೆ. 'ಧೈರ್ಯವಾಗಿ ಬಳಸಿ ಮೇಡಂ' ಅಂದೆ. 'ನಗುವವರು ಇದ್ದರೆ ಪಕ್ಕದಲ್ಲಿ ತಾರೀಕೂ ವಾರವೂ ಹಾಕಿಬಿಡಿ.' ಅವರು ಫೋನ್ ತೆಗೆದು ಅಲ್ಲೇ ಯಾರಿಗೋ ಏನೋ ಟೈಪ್ ಮಾಡತೊಡಗಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಕಾಫಿ ಬಂತು.